ಕೋಳಿಗೂಡಿನ ಬೀಗ

ಏಳನೆಯ ಕೋಳಿಯೂ ಹೋಗಿತ್ತು. ರಕ್ತವಿಲ್ಲ, ಎಳೆದಾಡಿದ ಗುರುತಿಲ್ಲ. ಗೂಡಿನ ಚಿಲಕ ಹಾಕಿದ್ದು ಹಾಕಿದ ಹಾಗೆಯೇ ಇತ್ತು.

ಸೊಸೆ ಕುಕ್ಕರುಗಾಲಲ್ಲಿ ಕೂತು ಮತ್ತೊಮ್ಮೆ ಎಣಿಸಿದಳು. ಐದೇ. ಬಸುರಿಯಾಗಿದ್ದಾಗ ಹನ್ನೆರಡು ಮರಿ ತಂದು, ಹೊಲಿಗೆ ಯಂತ್ರದ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗೆ ಬಲ್ಬು ಇಳಿಬಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಕಿದ್ದಳು. ಈ ಸಲ ಹೋದದ್ದು ಟೀಚರಮ್ಮ. ಉಳಿದ ಕೋಳಿಗಳನ್ನೆಲ್ಲ ದಿನವಿಡೀ ಗದರುತ್ತಿದ್ದುದಕ್ಕೆ ಆ ಹೆಸರು. ಸೊಸೆಗೆ ಅಳು ಒತ್ತರಿಸಿ ಬಂತು.

ಗೂಡು ಮಾಡಿಕೊಟ್ಟಿದ್ದ ಬಡಗಿಯನ್ನು ಕರೆಸಿದಳು. ಅವನು ಬಲೆ ಎಳೆದು ನೋಡಿದ, ಹಲಗೆ ಬಡಿದು ನೋಡಿದ.

"ಮುಂಗುಸಿ ಅಲ್ಲ ಕಣಮ್ಮ. ಅದಾಗಿದ್ರೆ ಒಂದನ್ನ ತಿಂದು ನಾಲ್ಕನ್ನ ಸುಮ್ಮನೆ ಕೊಂದು ಹೋಗ್ತಿತ್ತು. ಅದೂ ಅಲ್ದೆ, ಯಾವ ಮುಂಗುಸಿ ಹೋಗುವಾಗ ಚಿಲಕ ಹಾಕ್ಕೊಂಡು ಹೋಗುತ್ತೆ ಹೇಳಿ?" ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ದನಿ ತಗ್ಗಿಸಿದ. "ಮನೇಲಿ ಯಾರ್ಯಾರಿದ್ದೀರಿ?"

ಮನೆಯಲ್ಲಿದ್ದವರು ಅವಳು, ಮೂರು ತಿಂಗಳ ಮಗು ಮತ್ತು ಅತ್ತೆ. ಗಂಡ ಲಾರಿ ಹತ್ತಿ ಹೋಗಿ ಹದಿನೈದು ದಿನವಾಗಿತ್ತು.

ಬಡಗಿ ಹೋದ ಮೇಲೆ ಅವಳ ಎದೆಯೊಳಗೆ ಹುಳು ಹೊಕ್ಕಿತು. ವಾರದಿಂದ ಕಂಡದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅತ್ತೆಗೆ ಏನೋ ಆಗಿತ್ತು. ಸಂಜೆ ಐದಾಗುವುದೇ ತಡ, ಮಗುವನ್ನು ಕಿತ್ತುಕೊಂಡವರಂತೆ ಎತ್ತಿ ಗಾಳಿಯಾಡದ ಒಳಕೋಣೆಗೆ ಒಯ್ಯುತ್ತಿದ್ದರು. ಅದರ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗುತ್ತಿದ್ದರು. ತಲೆದೆಸೆಯಲ್ಲಿ ಸೌದೆ ಒಡೆಯುವ ಕೊಡಲಿ! ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಮಲಗುವ ಕೋಣೆಯ ಕಿಟಕಿ ಹಲಗೆಗೆ ಬಣ್ಣ ಬಳಿದರು, ಅದೂ ಹೊರಮಗ್ಗುಲಿಗೆ ಮಾತ್ರ. ಮನೆಯ ಹಿಂದೆ ಹಾಳುಬಿದ್ದ ಕಲ್ಲುಗಣಿ. ಹಿತ್ತಿಲ ಗೋಡೆಯ ಬಳಿ ನಿಂತು ಅದನ್ನೇ ದಿಟ್ಟಿಸುತ್ತಿದ್ದರು. ಏನೆಂದು ಕೇಳಿದರೆ, "ಏನಿಲ್ಲ, ನೀನು ಹೊಟ್ಟೆ ತುಂಬ ಉಂಡು ಮಲಕ್ಕೋ" ಎನ್ನುವ ಒಂದೇ ಮಾತು.

ಗಂಡನಿಗೆ ಫೋನ್ ಮಾಡಿದಳು.

"ಅಮ್ಮ ಹೇಳಿದ ಹಾಗೆ ಕೇಳು. ಇನ್ನೇನೂ ಕೇಳಬೇಡ" ಎಂದವನೇ ಇಟ್ಟುಬಿಟ್ಟ.

ನೋಡಿದಿರಾ! ಅಮ್ಮನ ತಲೆ ಕೆಟ್ಟರೂ ಮಗನಿಗೆ ಅಮ್ಮನೇ ಸರಿ. ಅವಳಿಗೆ ಮೈಯೆಲ್ಲ ಉರಿಯಿತು.

ಆ ಸಂಜೆ ಅಡುಗೆಮನೆಯ ಕಿಟಕಿಯ ಮರೆಯಲ್ಲಿ ಕಾದಳು. ಕಣ್ಣಾರೆ ಕಂಡಳು. ಅತ್ತೆ ಚಿಲಕ ತೆಗೆದರು, ಕೈಹಾಕಿ ಒಂದು ಕೋಳಿಯನ್ನು ಹೊರಗೆಳೆದರು, ಮತ್ತೆ ಚಿಲಕ ಹಾಕಿದರು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ತಪ್ಪಾಯ್ತು ಕಣೇ, ತಪ್ಪಾಯ್ತು" ಎಂದು ಗೊಣಗುತ್ತ ಗೋಡೆಯತ್ತ ನಡೆದರು. ತಿರುಗಿ ಬಂದಾಗ ಕೈ ಬರಿದಾಗಿತ್ತು.

ಅವಳ ಜೀವ ಬಾಯಿಗೆ ಬಂತು. ಕೋಳಿ ಹೋದರೆ ಹಾಳಾಗಲಿ. ಇವತ್ತು ಕೋಳಿಯ ಕತ್ತು, ನಾಳೆ? ತೊಟ್ಟಿಲಲ್ಲಿ ಮಲಗಿದ್ದ ಮಗುವಿನ ಮೆತ್ತನೆಯ ಕತ್ತು ನೋಡಿದಳು. ಆ ರಾತ್ರಿ ಅವಳು ರೆಪ್ಪೆ ಮುಚ್ಚಲಿಲ್ಲ.

ಮಾರನೆಯ ದಿನ ಮಗುವನ್ನೂ ಎತ್ತಿಕೊಂಡು ಹೋಗಿ ಅಂಗಡಿಯಿಂದ ದೊಡ್ಡ ಬೀಗ ತಂದು ಗೂಡಿಗೆ ಜಡಿದಳು. ಸಂಜೆ ಅತ್ತೆ ಹಗ್ಗ ತರಲು ಅಡುಗೆಮನೆಯ ಪಕ್ಕದ ಉಗ್ರಾಣಕ್ಕೆ ಹೋದರು. ಅವಳು ಹಿಂದೆಯೇ ಹೋಗಿ ಕದ ಎಳೆದು ಹೊರಗಿನಿಂದ ಚಿಲಕ ಸಿಕ್ಕಿಸಿದಳು. ಅಬ್ಬಾ! ವಾರದಿಂದ ಮೊದಲ ಸಲ ಉಸಿರು ಸಲೀಸಾಯಿತು. ಸೆಕೆಗೆ ಕಿರಿಕಿರಿ ಮಾಡುತ್ತಿದ್ದ ಮಗುವನ್ನು ತೊಟ್ಟಿಲು ಸಮೇತ ಹಿಂದಿನ ಜಗಲಿಗೆ ತಂದಳು. ತಂಗಾಳಿ ಬೀಸುತ್ತಿತ್ತು. ಮಗು ಎರಡು ತೂಗಿಗೇ ಕಣ್ಣುಮುಚ್ಚಿತು. ಅವಳು ಒಳಗೆ ಹೋಗಿ ಒಲೆ ಹಚ್ಚಿದಳು.

"ಬಾಗಿಲು ಹಾಕ್ಕೊಂಡಿದೆ ನೋಡೇ" ಎಂದರು ಅತ್ತೆ ಒಳಗಿನಿಂದ.

"ನಾನೇ ಹಾಕಿದ್ದು ಅತ್ತೆ." ಅವಳು ಒಲೆಯ ಮುಂದಿನಿಂದ ಕದಲಲಿಲ್ಲ. "ಗೂಡಿಗೂ ಬೀಗ ಹಾಕಿದ್ದೀನಿ. ಇನ್ನು ನೀವು ನನ್ನ ಕೋಳಿ ಮುಟ್ಟಬಾರದು. ನನ್ನ ಮಗೂನೂ ಮುಟ್ಟಬಾರದು."

ಅತ್ತೆ ಎರಡೂ ಕೈಯಿಂದ ಕದ ಬಡಿದರು.

"ಅಯ್ಯೋ, ಏನು ಮಾಡಿಬಿಟ್ಟೆ ತಾಯಿ! ಒಂದೇ ಒಂದು ಕೋಳಿ ತೆಗೆದು ಗೋಡೆ ಹತ್ರ ಕಟ್ಟಿ ಬಾ. ಇದೊಂದು ಸಂಜೆ ಕಳೆದ್ರೆ ಸಾಕು. ನಾಳೆ ಬೋನು ತರ್ತಾರೆ."

"ಯಾವ ಬೋನು?"

"ನಿನಗೆ ಹೇಳಬಾರದು ಅಂತಿದ್ದೆ. ಬಾಣಂತಿ ಹೆದರಿದ್ರೆ ಎದೆಹಾಲು ಬತ್ತಿಹೋಗುತ್ತೆ ಕಣೇ. ನಿನ್ನ ಗಂಡನಿಗಿಂತ ಮುಂಚಿನ ಕೂಸನ್ನ ನಾನು ಹಾಗೇ ಕಳ್ಕೊಂಡೆ." ಅತ್ತೆ ಅಳುತ್ತಿದ್ದರು. "ಗಣಿಯಲ್ಲಿ ಚಿರತೆ ಸೇರ್ಕೊಂಡಿದೆ. ಅವತ್ತು ಮಗು ಅತ್ತಿದ್ದು ಕೇಳಿ ಕಿಟಕಿ ಹಲಗೆ ಕೆರೆದು ಹೋಗಿತ್ತು. ದಿನಾ ಒಂದು ಕೋಳಿ ಸಿಕ್ಕಿದ್ರೆ ಎತ್ಕೊಂಡು ಹಾಗೇ ಹೊರಟುಹೋಗುತ್ತೆ, ಮನೆ ಹತ್ರ ಬರಲ್ಲ. ಸಿಗದಿದ್ರೆ... ಮಗು ಒಳಕೋಣೇಲೇ ಇದೆ ತಾನೆ?"

ಹಿಂದಿನ ಜಗಲಿಯ ಮೇಲೆ ಏನೋ ಧೊಪ್ಪನೆ ಹಾರಿದ ಸದ್ದಾಯಿತು.