ಎರಡು ಬೆರಳಿನ ಪುಸ್ತಕ

ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ, ಕೂತರೆ ಮೊಣಕಾಲು ಗಲ್ಲಕ್ಕೆ ತಾಗುವಂಥ ಪುಟ್ಟ ಕುರ್ಚಿಯ ಮೇಲೆ ತಾಯಿಯೊಬ್ಬಳು ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಿದ್ದಳು. ಎದುರಿಗೆ ಬಣ್ಣಬಣ್ಣದ ಪುಸ್ತಕಗಳ ರಾಶಿ. ಒಂದನ್ನು ತೆರೆಯುವಳು, ಒಂದು ಪುಟ ಓದುವಳು, ಮಡಚಿದ ಬೆರಳುಗಳನ್ನು ನೋಡಿಕೊಳ್ಳುವಳು, ‘ಇದಲ್ಲ’ ಎಂದು ಬದಿಗಿಡುವಳು.

“ಅಮ್ಮಾ, ಓದೋದು ನಿಮ್ಮ ಮಗಳಲ್ವಾ? ಬೆರಳು ಮಡಚೋ ಕೆಲಸಾನೂ ಅವಳದ್ದೇ,” ಎಂದು ಗ್ರಂಥಪಾಲಕಿ ನಕ್ಕಳು.

“ಅವಳಿಗೆ ಯಾವ ಪದ ಬರುತ್ತೆ, ಯಾವುದು ಬರಲ್ಲ, ನಂಗೊತ್ತಿಲ್ವಾ? ಎರಡು ಬೆರಳಿನ ಪುಸ್ತಕ ಬೇಕು. ಹೆಚ್ಚಂದ್ರೆ ಮೂರು. ಐದು ಮಾತ್ರ ಆಗ್ಲೇಬಾರದು.”

ಆ ಲೆಕ್ಕವನ್ನು ಕಲಿಸಿದವಳು ಗ್ರಂಥಪಾಲಕಿಯೇ. ಓದು ಕಲಿಯುವ ಮಗು ಒಂದು ಪುಟ ಓದಬೇಕು. ಬಾರದ ಪದ ಎದುರಾದಾಗಲೆಲ್ಲ ಒಂದು ಬೆರಳು ಮಡಚಬೇಕು. ಬೆರಳೇ ಮಡಚದಿದ್ದರೆ ಪುಸ್ತಕ ತೀರ ಸುಲಭ. ಎರಡು ಮೂರಾದರೆ ಹದ. ಪಕ್ಕದಲ್ಲೊಬ್ಬರು ಕುಳಿತು, ತಡವರಿಸಿದಲ್ಲಿ ನೆರವಾದರೆ ಸಾಕು. ಐದೂ ಮಡಚಿ ಮುಷ್ಟಿಯಾಯಿತೋ, ಅದು ಹಿರಿಯರೇ ಓದಿ ಹೇಳಬೇಕಾದ ಪುಸ್ತಕ. ಈ ತಾಯಿಯ ಮನೆಯಲ್ಲಿ ಅದರಂತೆಯೇ ಪಾಲಾಗಿತ್ತು: ಎರಡು ಮೂರು ಬೆರಳಿನದು ಅಮ್ಮನಿಗೆ, ಮುಷ್ಟಿಯದು ದೊಡ್ಡಮ್ಮನಿಗೆ. ಹಗಲೆಲ್ಲ ತಾಯಿ ಔಷಧಿ ಅಂಗಡಿಯಲ್ಲಿ ದುಡಿಯುತ್ತಿದ್ದುದರಿಂದ ಮಗುವನ್ನು ಗ್ರಂಥಾಲಯಕ್ಕೆ ಕರೆತರುತ್ತಿದ್ದವಳು ಅವಳ ಓರಗಿತ್ತಿ. ಆ ದೊಡ್ಡಮ್ಮ ಹೊತ್ತು ತಂದ ಪುಸ್ತಕಗಳೆಲ್ಲ, ಅದೇನು ಮಾಯೆಯೋ, ಮುಷ್ಟಿಯವೇ!

ಸಂಜೆ ಪಾತ್ರೆ ತೊಳೆಯುವಾಗ ಗೋಡೆಯಾಚೆಯಿಂದ ಕರಡಿ ಗುರುಗುಟ್ಟುವುದು, ಮುದುಕಿ ಕೆಮ್ಮುವುದು, ಮಗಳು ಬಿದ್ದು ಬಿದ್ದು ನಗುವುದು ಕೇಳಿಸುತ್ತಿತ್ತು. ನಲ್ಲಿಯ ನೀರು ತಣ್ಣಗೆ ಸುರಿಯುತ್ತಿದ್ದರೂ ತಾಯಿಯ ಮೈಯೆಲ್ಲ ಉರಿ. ಒಮ್ಮೆ ತಾನೇ ಓದಿ ಹೇಳಲು ಕುಳಿತಿದ್ದಳು. ಎರಡು ಸಾಲಿಗೇ ಮಗಳು ಆಕಳಿಸಿ ತೀರ್ಪು ಕೊಟ್ಟಿದ್ದಳು: “ದೊಡ್ಡಮ್ಮ ಓದಿದ್ರೆ ಕರಡಿ ಬರುತ್ತೆ. ನೀನು ಓದಿದ್ರೆ ಬರೀ ಅಕ್ಷರ ಬರುತ್ತೆ.”

ಹೊಟ್ಟೆಕಿಚ್ಚಿಗೆ ಸೌದೆಯನ್ನು ಹೊರಗಿನಿಂದ ತರಬೇಕಾಗಿಲ್ಲ. ಆ ಮಾತೊಂದೇ ಹಗಲಿರುಳು ಉರಿಯಲು ಸಾಕಾಯಿತು. ಮಗು ಮಡಿಲಿನಿಂದ ಇಳಿಯಬಾರದೆಂದೇ ಓರಗಿತ್ತಿ ಕಷ್ಟದ ಪುಸ್ತಕ ಆರಿಸುತ್ತಾಳೆ, ಸಂಶಯವೇ ಇಲ್ಲ. ಅವಳು ಚಾಪೆಯ ಕೆಳಗೆ ನುಸುಳಿದರೆ ತಾನು ರಂಗೋಲಿಯ ಕೆಳಗೆ ನುಸುಳುವೆನೆಂದು ತಾಯಿ ಇಂದು ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಕಡೆಗೂ ಸಿಕ್ಕಿತು, ದಾರಿ ತಪ್ಪಿದ ಬಾತುಮರಿಯ ಕಥೆ. ಮೊದಲ ಪುಟಕ್ಕೆ ಸರಿಯಾಗಿ ಎರಡೇ ಬೆರಳು.

“ಏನೇ ಇದು, ಪುಸ್ತಕ ಹಿಂಗೆ ಸೊರಗಿದೆ? ಊಟ ಹಾಕಿಲ್ವಾ ಇದಕ್ಕೆ?” ಮನೆಯಲ್ಲಿ, ಒಗೆದ ಬಟ್ಟೆ ಮಡಚುತ್ತಿದ್ದ ಓರಗಿತ್ತಿ ಕೇಳಿದಳು.

“ಮಗು ಅಳತೆಗೆ ಸರಿಯಾಗಿದೆ ಅಕ್ಕ. ಮಗುಗೆ ಯಾವುದು ಹಿಡಿಸುತ್ತೆ ಅನ್ನೋದು ಹೆತ್ತೋರಿಗೆ ತಾನೇ ಗೊತ್ತಾಗೋದು?”

ಸೂಜಿ ಚುಚ್ಚಬೇಕಾದಲ್ಲಿಯೇ ಚುಚ್ಚಿತು. ಓರಗಿತ್ತಿಗೆ ಮಕ್ಕಳಿರಲಿಲ್ಲ. ಅವಳು ಮಡಚಿಟ್ಟಿದ್ದ ಪುಟ್ಟ ಲಂಗವೊಂದನ್ನು ಬಿಡಿಸಿ ಮತ್ತೆ ಮಡಚಿದಳು. ತಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಬಾರೇ ಬಟಾಣಿ, ಓದು,” ಎಂದು ಮಗಳನ್ನು ಕೂಗಿದಳು.

ಬಟಾಣಿ ಎಡಗೈ ಬಿಚ್ಚಿ ಹಿಡಿದು, ಬಲಗೈ ಬೆರಳನ್ನು ಸಾಲುಗಳ ಕೆಳಗೆ ಓಡಿಸಿದಳು. ‘ಹುಲ್ಲುಗಾವಲು’ ಬಂದಾಗ ಕಿರುಬೆರಳು ಮಡಚಿತು. ‘ತಕ್ಷಣ’ ಬಂದಾಗ ಉಂಗುರಬೆರಳು. ತಾಯಿಯ ಎಣಿಕೆ ಒಂದಿಷ್ಟೂ ತಪ್ಪಿರಲಿಲ್ಲ. ಉಳಿದದ್ದು ಒಂದೇ ಸಾಲು: ‘ಮನೆಯ ಬಾಗಿಲಲ್ಲಿ ಅಮ್ಮ ಕಾಯುತ್ತಿದ್ದಳು.’ ತಾಯಿ ಆಗಲೇ ಪಕ್ಕಕ್ಕೆ ಸರಿದು ಮಗಳಿಗೆ ಜಾಗ ಮಾಡಿದಳು.

ಬಟಾಣಿ ತಲೆಯೆತ್ತಿದಳು. ಅಮ್ಮನನ್ನು ನೋಡಿದಳು, ಬಟ್ಟೆಯ ರಾಶಿಯ ಹಿಂದೆ ತಲೆ ತಗ್ಗಿಸಿದ್ದ ದೊಡ್ಡಮ್ಮನನ್ನು ನೋಡಿದಳು. ‘ಮನೆ’ಗೆ ನಡುಬೆರಳು ಮಡಚಿದಳು.

“‘ಮನೆ’ ಬರಲ್ವಾ? ನಿನ್ನೆ ತಾನೇ ಗೋಡೆ ತುಂಬಾ ಗೀಚಿ ಬೈಸ್ಕೊಂಡ್ಯಲ್ಲೇ!”

“ಮರ್ತೋಯ್ತು.”

‘ಬಾಗಿಲಿ’ಗೆ ತೋರುಬೆರಳೂ ಮಲಗಿತು. ಇನ್ನು ನಿಂತಿದ್ದುದು ಹೆಬ್ಬೆರಳೊಂದೇ. ‘ಅಮ್ಮ’ನೆದುರು ಅದು ಒಂದು ಗಳಿಗೆ ಹಿಂದೆಮುಂದೆ ನೋಡಿತು, ಆಮೇಲೆ ಅದೂ ಬಾಗಿತು.

ಪುಸ್ತಕ ಹಿಡಿಯುವ ಮೊದಲೇ, ಬಳಪ ಹಿಡಿದ ದಿನವೇ ಆ ಮಗು ಕಲಿತಿದ್ದ ಪದವದು. ತಾಯಿ ಆ ಮುಷ್ಟಿಯನ್ನೇ ನೋಡಿದಳು. ಇಷ್ಟು ಕಾಲ ಓರಗಿತ್ತಿ ತಂದ ಪುಸ್ತಕಗಳಲ್ಲಿ ಎಷ್ಟು ಬೆರಳು ಹೀಗೆ ಬೇಕೆಂದೇ ಮಡಚಿದ್ದವೋ!

“ಮುಷ್ಟಿ ಆಯ್ತು!” ಮಗಳು ಪುಸ್ತಕ ಎತ್ತಿಕೊಂಡು, ಬಟ್ಟೆಯ ರಾಶಿ ತುಳಿದು, ದೊಡ್ಡಮ್ಮನ ಮಡಿಲೇರಿದಳು. “ಇಲ್ಲಿಂದ ಓದು ದೊಡ್ಡಮ್ಮ. ಇದೊಂದು ಪದ ಬರಲೇ ಇಲ್ಲ ನಂಗೆ.”

ಕರಡಿಯಾಗಬಲ್ಲವಳು, ಮುದುಕಿಯಾಗಬಲ್ಲವಳು ಆ ಪುಟ್ಟ ಬೆರಳು ತೋರಿದ ‘ಅಮ್ಮ’ ಎಂಬ ಪದವನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ತನ್ನ ಎಡಗೈಯನ್ನು ಬಿಚ್ಚಿ ಹಿಡಿದು, ಹೆಬ್ಬೆರಳನ್ನು ಮೆಲ್ಲನೆ ಮಡಚಿದಳು.

ಬಟಾಣಿ ಹಿಗ್ಗಿ ಚಪ್ಪಾಳೆ ತಟ್ಟಿದಳು: “ಅಮ್ಮಾ, ಅಮ್ಮಾ, ನೋಡಿಲ್ಲಿ! ದೊಡ್ಡಮ್ಮಂಗೂ ಈ ಪದ ಬರಲ್ಲ!”