ಮಾಳಿಗೆಯ ಮೇಲಿನ ದುರ್ಬೀನು

ಹುಣಸೆಹಣ್ಣು ತಿಕ್ಕಿದ ಹಿತ್ತಾಳೆಯ ವಾಸನೆ ಬಂದರೆ ಈಗಲೂ ನನಗೆ ಆ ಗೇಣುದ್ದದ ದುರ್ಬೀನು ನೆನಪಾಗುತ್ತದೆ.

ಒಂದೇ ಕಣ್ಣಿನ ಅಗ್ಗದ ದುರ್ಬೀನು ಅದು. ಮಾವ ಮುಂಬಯಿಯ ಬೀದಿಯಲ್ಲಿ ಕೊಂಡು ತಂದಿದ್ದ. ಅವ್ವ ಅದನ್ನೂ ತಂಬಿಗೆಗಳ ಜೊತೆ ತಿಕ್ಕಿ ಬೆಳಗುತ್ತಿದ್ದಳು. ಬೆಂಗೇರಿಯ ನಮ್ಮ ಮನೆಯಲ್ಲಿ ಅದು ರೊಟ್ಟಿ ಮಾಡಲು ಬೇಕಾಗುತ್ತಿತ್ತು. ಆರಿದ ಜೋಳದ ರೊಟ್ಟಿ ಅಪ್ಪನ ಹಲ್ಲಿಗೆ ಆಗುತ್ತಿರಲಿಲ್ಲ. ಸಂಜೆ ಅಪ್ಪ ದುಡಿಯುವ ರೈಲು ಕಾರ್ಖಾನೆಯ ಭೋಂಗಾ ಕೂಗಿ ಸ್ವಲ್ಪ ಹೊತ್ತಿಗೆ ಅವ್ವ ಮಾಳಿಗೆ ಹತ್ತಿ, ಅಪ್ಪ ಎಲ್ಲಿಯವರೆಗೆ ಬಂದಿದ್ದಾನೆಂದು ನೋಡಿ, ಇಳಿದು ಬಂದು ರೊಟ್ಟಿ ಬಡಿಯಲು ಕೂಡುತ್ತಿದ್ದಳು.

ಒಂದು ಸಲ ಅವಳು ತುಂಬಿದ ಬಸುರಿ.

"ನನಗ ನಿಚ್ಚಣಿಕಿ ಹತ್ತಾಕ ಆಗೂದಿಲ್ಲವಾ. ಇವತ್ತಿಂದ ನೀನ ನೋಡು," ಎಂದು ನನ್ನನ್ನು ಮೊದಲ ಸಲ ಮೇಲೆ ಕಳಿಸಿದಳು.

ಬಿಸಿಲಿಗೆ ಕಾದ ಹಿತ್ತಾಳೆ ಹುಬ್ಬಿಗೆ ಚುರುಕ್ಕೆಂದಿತು. ಅಲುಗಾಡುವ ದುಂಡು ಬೆಳಕಿನೊಳಗೆ ಕೊನೆಗೂ ಅಪ್ಪ ಸಿಕ್ಕ. ನಡೆಯುತ್ತಿರಲಿಲ್ಲ. ಹಳ್ಳದ ಸೇತುವೆಯ ಕಟ್ಟೆಯ ಮೇಲೆ, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟು, ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. ದಿನಾ "ಇವತ್ತ ಕೆಲಸ ಭಾಳ ಹಗೂರಿತ್ತು" ಎಂದು ನಗುತ್ತ ಒಳಗೆ ಬರುವ ಅಪ್ಪ!

"ಕಂಡರೇನವಾ?" ಅವ್ವ ಕೆಳಗಿನಿಂದ ಕೂಗಿದಳು.

ಅವಳಿಗೆ ಅದನ್ನು ಹೇಗೆ ಹೇಳಲಿ? "ಹೂಂನವ್ವಾ, ಬರಾಕತ್ತಾನ," ಎಂದೆ.

ರೊಟ್ಟಿಯ ಹಂಚು ಒಲೆಗೇರಿದ ಸಪ್ಪಳ ಕೇಳಲಿಲ್ಲ. ಅವ್ವ ದಣಿದ ದನಿಯಲ್ಲಿ ಕೇಳಿದಳು:

"ಕಟ್ಟಿ ಮ್ಯಾಲಿಂದ ಎದ್ದರೇನು?"