ತಳದ ಕೆಂಪು

ಗಿರಗಿರ ತಿರುಗಿದ ಯಂತ್ರ ನಿಂತಿತು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವಳು ಕೊಳವೆಯನ್ನು ಬೆಳಕಿಗೆ ಹಿಡಿದಳು. ಮೇಲೆ ರೋಗಿಯ ಹೊಟ್ಟೆಯಿಂದ ತೆಗೆದ ಹಳದಿ ಕೊಬ್ಬು, ನಡುವೆ ನೀರು, ತಳದಲ್ಲಿ ಸಾಸಿವೆಯಷ್ಟು ಕೆಂಪು. ಹತ್ತು ವರ್ಷ ಡೇರಿಯಲ್ಲಿ ಹಾಲು ಪರೀಕ್ಷಿಸಿದ ಕೈ ಅದು. ಕೊಬ್ಬನ್ನು ಕೆನೆಯಂತೆ ಜೋಪಾನವಾಗಿ ಬಟ್ಟಲಿಗೆ ತೆಗೆದಳು, ನೀರು ಚೆಲ್ಲಿದಳು, ತಳ ಉಜ್ಜಲು ಬ್ರಷ್ ಎತ್ತಿಕೊಂಡಳು.

"ಏಯ್, ನಿಲ್ಲೇ!" ಹಿರಿಯ ತಂತ್ರಜ್ಞೆ ಅವಳ ಮಣಿಕಟ್ಟು ಹಿಡಿದರು. "ಚಿಕಿತ್ಸೆಗೆ ಬೇಕಾದ ಕಾಂಡಕೋಶ ಇರೋದೇ ಆ ಕೆಂಪಿನಲ್ಲಿ. ರೋಗಿ ಕಡ್ಡಿ ಹಾಗಿದ್ದಾರೆ, ಇನ್ನೊಂದ್ಸಲ ತೆಗೆಯೋಕೆ ಮೈಯಲ್ಲಿ ಕೊಬ್ಬೆಲ್ಲಿದೆ?"

"ಮತ್ತೆ ಈ ಕೆನೆ, ಅಕ್ಕಾ?"

"ಕಸಕ್ಕೆ."

ಅವಳು ಬಟ್ಟಲು ನೋಡಿದಳು, ಕೊಳವೆ ನೋಡಿದಳು. ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಬ್ರಷ್ಷನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದಳು.

"ಅಕ್ಕಾ, ಬೆಳಗ್ಗೆ ಇನ್ನೊಬ್ಬ ರೋಗಿಯ ಕೊಳವೆ ಬಂದಿತ್ತಲ್ಲ... ಅದನ್ನ ಕನ್ನಡಿ ಹಾಗೆ ತೊಳೆದಿಟ್ಟಿದ್ದೀನಿ."